ಕಿನೊಸಾಕಿಯಲ್ಲಿ ಒಂದು ರಾತ್ರಿ: ಬಿಸಿನೀರಿನ ಊರಿಗೆ ಹೋಗುವ ನಮ್ಮವರಿಗೆ

ಜಪಾನ್ ನೋಡಲು ಬರುವ ನಮ್ಮವರ ಕೈಯಲ್ಲಿ ದಿನಗಳು ಕಡಿಮೆ, ಪಟ್ಟಿ ಉದ್ದ. ಟೋಕಿಯೋ, ಕ್ಯೋಟೋ, ಒಸಾಕಾ ಮುಗಿಸಿ ಒಂದೆರಡು ದಿನ ಉಳಿದರೆ ಆನ್‌ಸೆನ್ ನೆನಪಾಗುತ್ತದೆ. ಆನ್‌ಸೆನ್ ಅಂದರೆ ನೆಲದಿಂದ ಉಕ್ಕುವ ಬಿಸಿನೀರು, ಆ ನೀರಿನ ಸುತ್ತ ಬೆಳೆದ ಸ್ನಾನದ ಮನೆಗಳು. ನಾನು ತೀರ್ಥಹಳ್ಳಿ ಕಡೆಯವಳು, ಕೆಲಸ ಕೋಬೆಯಲ್ಲಿ. ಮನೆಗೆ ಬಂದ ನೆಂಟರು ಯಾವ ಆನ್‌ಸೆನ್‌ಗೆ ಹೋಗೋಣ ಅಂತ ಕೇಳಿದರೆ ಯೋಚನೆ ಮಾಡದೆ ಕಿನೊಸಾಕಿ ಅನ್ನುತ್ತೇನೆ.

ಕೋಬೆ ಇರುವ ಹ್ಯೋಗೋ ಪ್ರಾಂತ್ಯದಲ್ಲೇ ಕಿನೊಸಾಕಿಯೂ ಇದೆ. ಆದರೆ ಅದು ಉತ್ತರದ ತುದಿ, ಜಪಾನ್ ಸಮುದ್ರದ ಹತ್ತಿರ. ನಡುವೆ ಒತಾನಿ ಅನ್ನುವ ಸಣ್ಣ ಹೊಳೆ, ಎರಡೂ ದಡದಲ್ಲಿ ವಿಲ್ಲೋ ಮರಗಳು, ಮೇಲೆ ಬಾಗಿದ ಕಲ್ಲಿನ ಸೇತುವೆಗಳು. ಇಷ್ಟರೊಳಗೆ ಊರಿನವರೂ ಪ್ರವಾಸಿಗಳೂ ಒಟ್ಟಿಗೆ ಬಳಸುವ ಏಳು ಸ್ನಾನದ ಮನೆಗಳಿವೆ. ಈ ಊರಿಗೆ ಊರೇ ಒಂದು ವಸತಿಗೃಹ ಅಂತ ಅಲ್ಲಿಯವರು ಹೇಳುತ್ತಾರೆ. ರೈಲ್ವೆ ಸ್ಟೇಷನ್ ಹೆಬ್ಬಾಗಿಲು, ಬೀದಿ ಅಂದರೆ ಓಡಾಡುವ ಪಡಸಾಲೆ, ಒಂದೊಂದು ರ್‍ಯೊಕಾನ್ (ಜಪಾನಿ ಪದ್ಧತಿಯ ತಂಗುಮನೆ) ಒಂದೊಂದು ಕೋಣೆ, ಏಳು ಸ್ನಾನದ ಮನೆಗಳೇ ಬಚ್ಚಲು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ದುಬಾರಿ ರೂಮು ಹಿಡಿದು, ಅಲ್ಲಿನ ಸ್ನಾನದಲ್ಲೇ ಕಾಲ ಕಳೆದು ಬಂದರೆ ಕಿನೊಸಾಕಿ ನೋಡಿದ ಹಾಗಲ್ಲ.

ನೀರು ಯಾರದು?

ಕತೆ ಶುರುವಾಗುವುದು 717ರಲ್ಲಿ. ದೋಚಿ ಅನ್ನುವ ಬೌದ್ಧ ಸನ್ಯಾಸಿ ಇಲ್ಲಿಗೆ ಬಂದು, ಜನರ ಕಾಯಿಲೆ ವಾಸಿಯಾಗಲಿ ಅಂತ ಸಾವಿರ ದಿನ ಪ್ರಾರ್ಥನೆ ಮಾಡಿದರಂತೆ. 720ರಲ್ಲಿ ಬಿಸಿನೀರು ಉಕ್ಕಿತು ಅನ್ನುವುದು ನಂಬಿಕೆ. ಈಗಿನ ಮಂದಾರಾ-ಯು ಸ್ನಾನದ ಮನೆ ಇರುವುದು ಆ ಜಾಗದಲ್ಲೇ. ಕೋನೊ-ಯು ಅನ್ನುವ ಸ್ನಾನದ ಮನೆಗೆ ಇನ್ನೊಂದು ಕತೆ ಇದೆ. ಕಾಲಿಗೆ ಗಾಯವಾದ ಕೊಕ್ಕರೆಯೊಂದು ಆ ನೀರಿನಲ್ಲಿ ನಿಂತು ಗುಣವಾಗಿದ್ದನ್ನು ನೋಡಿ ಜನ ಬುಗ್ಗೆ ಕಂಡುಕೊಂಡರಂತೆ.

ನನಗೆ ಇದಕ್ಕಿಂತ ಹತ್ತಿರವಾಗಿರುವುದು ನೂರು ವರ್ಷದ ಈಚಿನ ಚರಿತ್ರೆ. 1925ರ ಮೇ 23ರಂದು ಬೆಳಿಗ್ಗೆ ಹನ್ನೊಂದು ದಾಟುತ್ತಿದ್ದಂತೆ ಭೂಕಂಪವಾಯಿತು. ಮಧ್ಯಾಹ್ನದ ಅಡುಗೆಗೆ ಒಲೆ ಹಚ್ಚುವ ಹೊತ್ತು. ಬೆಂಕಿ ಹಬ್ಬಿ ಊರು ಸುಟ್ಟುಹೋಯಿತು. ಈಗ ನಾವು ನೋಡುವ ಮರದ ಕಟ್ಟಡಗಳ ಬೀದಿ ಆಮೇಲೆ ಕಟ್ಟಿದ್ದು. ಹೊಳೆಯ ದಡಕ್ಕೆ ಹಾಕಿರುವ ಕಪ್ಪು ಕಲ್ಲುಗಳು ಹತ್ತಿರದ ಗೆಂಬುದೋ ಗುಹೆಯ ಕಡೆಯಿಂದ ತಂದವು. ಊರು ಚೇತರಿಸಿಕೊಳ್ಳುತ್ತಿರುವಾಗಲೇ, 1927ರಲ್ಲಿ, ಒಂದು ರ್‍ಯೊಕಾನ್ ತನ್ನ ಅಂಗಳದ ಬಿಸಿನೀರಿನಿಂದ ಅತಿಥಿಗಳಿಗೆ ಒಳಗೇ ಸ್ನಾನದ ಏರ್ಪಾಡು ಮಾಡಲು ಹೊರಟಿತು. ಊರು ಒಪ್ಪಲಿಲ್ಲ. ಬಿಸಿನೀರು ಎಲ್ಲರದು, ಎಲ್ಲರೂ ಹೊರಗೆ ಬಂದು ಸಾರ್ವಜನಿಕ ಮನೆಗಳಲ್ಲೇ ಮೀಯಬೇಕು ಅನ್ನುವುದು ಹಿಂದಿನಿಂದ ಬಂದ ಪದ್ಧತಿ. ಜಗಳ ಕೋರ್ಟಿಗೆ ಹೋಗಿ, 1950ರಲ್ಲಿ ರಾಜಿಯಲ್ಲಿ ಮುಗಿಯಿತು. ಒಳಗಿನ ಸ್ನಾನಕ್ಕೆ ಒಪ್ಪಿಗೆ ಸಿಕ್ಕಿತು, ಆದರೆ ಅದು ಚಿಕ್ಕದಾಗಿರಬೇಕು. ಆಮೇಲೆ ಬುಗ್ಗೆಗಳ ನೀರನ್ನೆಲ್ಲ ಒಂದೆಡೆ ಸೇರಿಸಿ ಪೈಪಿನಲ್ಲಿ ಹಂಚುವ ಏರ್ಪಾಡೂ ಬಂತು. ನಿಮ್ಮ ರ್‍ಯೊಕಾನ್‌ನ ಸ್ನಾನದ ತೊಟ್ಟಿ ಸಣ್ಣದು ಅನ್ನಿಸಿದರೆ ಬೇಸರ ಬೇಡ. ಊರಿನವರು ಬೇಕೆಂದೇ ಉಳಿಸಿಕೊಂಡ ಕ್ರಮ ಅದು. ಹೊರಗೆ ಬನ್ನಿ ಅಂತ ಊರೇ ಕರೆಯುತ್ತಿದೆ.

ಯಾವಾಗ, ಹೇಗೆ

ಕ್ಯೋಟೋದಿಂದ ‘ಕಿನೊಸಾಕಿ’ ಎಕ್ಸ್‌ಪ್ರೆಸ್, ಶಿನ್-ಒಸಾಕಾ ಮತ್ತು ಒಸಾಕಾದಿಂದ ‘ಕೋನೊತೊರಿ’. ಎರಡೂ ನೇರ ರೈಲು, ಸುಮಾರು ಎರಡೂವರೆಯಿಂದ ಮೂರು ಗಂಟೆ. ಕೋಬೆ, ಹಿಮೇಜಿ ಕಡೆಯಿಂದ ‘ಹಮಾಕಾಝೆ’ ಇದೆ, ಆದರೆ ದಿನಕ್ಕೆ ಕೆಲವೇ ಬಾರಿ. ಜೆಆರ್ ರೈಲ್ವೆಯವರ ಕನ್ಸಾಯ್ ವೈಡ್ ಏರಿಯಾ ಪಾಸ್ ಐದು ದಿನ ನಡೆಯುತ್ತದೆ, ಕಿನೊಸಾಕಿಯೂ ಅದರಲ್ಲಿ ಸೇರಿದೆ. ಹಿಮೇಜಿ ಕೋಟೆಯನ್ನೂ ನೋಡುವವರಿಗೆ ಆ ಪಾಸು ಲಾಭ.

ನವೆಂಬರಿನಿಂದ ಮಾರ್ಚ್‌ವರೆಗೆ ಏಡಿಯ ಕಾಲ. ಹಿಮ ಬೀಳುವಾಗ ಬಯಲು ತೊಟ್ಟಿಯಲ್ಲಿ ಕೂರುವ ಸುಖ ಬೇರೆಯೇ. ಆದರೆ ಬಾಡಿಗೆಯೂ ಜಾಸ್ತಿ, ಜನವೂ ಜಾಸ್ತಿ. ಏಡಿ ತಿನ್ನದವರು ಅಷ್ಟು ದುಡ್ಡು ಯಾಕೆ ಕೊಡಬೇಕು? ಏಪ್ರಿಲ್ ಮೊದಲ ವಾರಗಳಲ್ಲಿ ಹೊಳೆ ದಡದಲ್ಲಿ ಚೆರ್ರಿ ಹೂ ಬಿಡುತ್ತದೆ. ಮೇ, ಜೂನ್‌ನಲ್ಲಿ ಊರು ತಣ್ಣಗೆ ಖಾಲಿ ಇರುತ್ತದೆ. ನನ್ನ ಆಯ್ಕೆ ಮೇ ತಿಂಗಳ ಕೆಲಸದ ದಿನಗಳು, ಅದೂ ಮೊದಲ ವಾರದ ಸಾಲು ರಜೆ ಕಳೆದ ಮೇಲೆ. ಕೊಡೆ ಮಾತ್ರ ಯಾವಾಗಲೂ ಇರಲಿ. ‘ಬುತ್ತಿ ಮರೆತರೂ ಕೊಡೆ ಮರೆಯಬೇಡ’ ಅನ್ನುವ ಗಾದೆ ಈ ಕಡೆಯದ್ದೇ.

ಬೆಳಿಗ್ಗೆ ಹೋಗಿ ಸಂಜೆ ಬರುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಊರಿನ ಜೀವ ಇರುವುದು ಸಂಜೆ ದೀಪ ಹಚ್ಚಿದ ಮೇಲೆ ಮತ್ತು ಬೆಳಿಗ್ಗೆ ಏಳು ಗಂಟೆಗೆ. ಒಂದು ರಾತ್ರಿ ತಂಗಿದವರಿಗೆ ರ್‍ಯೊಕಾನ್‌ನವರೇ ಏಳೂ ಮನೆಗಳಿಗೆ ನಡೆಯುವ ಪಾಸು ಕೊಡುತ್ತಾರೆ, ಪ್ರತಿ ಬಾಗಿಲಲ್ಲೂ ದುಡ್ಡು ಕೊಡಬೇಕಿಲ್ಲ. ಒಂದೊಂದು ಮನೆಗೆ ವಾರದಲ್ಲಿ ಒಂದೊಂದು ದಿನ ರಜೆ, ಕೆಲವು ಮಧ್ಯಾಹ್ನದ ಮೇಲಷ್ಟೇ ತೆರೆಯುತ್ತವೆ, ಕೆಲವೊಮ್ಮೆ ರಿಪೇರಿಗೆ ಮುಚ್ಚಿರುತ್ತವೆ. ಹೋದ ತಕ್ಷಣ ಆ ದಿನದ ವೇಳಾಪಟ್ಟಿ ಕೇಳಿ ಇಟ್ಟುಕೊಳ್ಳಿ.

ಯುಕಾತಾ ಉಟ್ಟು ಹೊರಡುವುದು

ರೂಮು ಸಿಗುವುದು ಸಾಮಾನ್ಯವಾಗಿ ಮೂರು ಗಂಟೆಗೆ. ಸೂಟ್‌ಕೇಸ್ ಎಳೆದುಕೊಂಡು ಊರು ಸುತ್ತಬೇಡಿ, ಸ್ಟೇಷನ್ ಎದುರಿನ ಮಾಹಿತಿ ಕೇಂದ್ರದಲ್ಲಿ ಸಾಮಾನು ಬಿಡುವ ಅನುಕೂಲ ಇದೆ. ರೂಮಿಗೆ ಹೋದ ಮೇಲೆ ಪ್ಯಾಂಟು, ಚೂಡಿದಾರ ತೆಗೆದಿಟ್ಟು ಅವರು ಕೊಡುವ ಯುಕಾತಾ, ಅಂದರೆ ತೆಳು ಹತ್ತಿಯ ಕಿಮೋನೊ, ಉಡಿ. ಇಲ್ಲಿ ಬೀದಿಯಲ್ಲೂ ಅದೇ ಉಡುಪು, ಯಾರೂ ಮಿಕಿಮಿಕಿ ನೋಡುವುದಿಲ್ಲ. ಎಡಗಡೆ ಸೆರಗು ಯಾವಾಗಲೂ ಮೇಲೆ ಬರಬೇಕು. ಬಲಗಡೆಯದು ಮೇಲೆ ಬರುವುದು ಶವಕ್ಕೆ ಉಡಿಸುವಾಗ. ಗಂಡಸರು ಸೊಂಟದ ಪಟ್ಟಿಯನ್ನು ಹೊಟ್ಟೆಯ ಕೆಳಗೆ ಕಟ್ಟಬೇಕು, ಹೆಂಗಸರು ಸ್ವಲ್ಪ ಮೇಲೆ. ಗೊತ್ತಾಗದಿದ್ದರೆ ರ್‍ಯೊಕಾನ್‌ನ ಹೆಂಗಸರು ನಿಂತು ಕಟ್ಟಿಕೊಡುತ್ತಾರೆ. ಕಾಲಿಗೆ ಗೆತಾ, ಅಂದರೆ ಮರದ ಚಪ್ಪಲಿ. ಅದರ ಮೇಲೆ ರ್‍ಯೊಕಾನ್‌ನ ಹೆಸರು ಬರೆದಿರುತ್ತದೆ, ಹಾಗಾಗಿ ಸ್ನಾನದ ಮನೆಯ ಬಾಗಿಲಲ್ಲಿ ಬಿಟ್ಟರೂ ಅದಲುಬದಲಾಗುವುದಿಲ್ಲ. ಮೊಣಕಾಲು ನೋವಿರುವ ಹಿರಿಯರು ತಮ್ಮ ಚಪ್ಪಲಿಯಲ್ಲೇ ಹೋಗಲಿ. ಕಲ್ಲಿನ ಸೇತುವೆ ಮಳೆಯಲ್ಲಿ ಜಾರುತ್ತದೆ.

ಸ್ನಾನ

ಈಗ ಎಲ್ಲರೂ ಕೇಳಲು ಸಂಕೋಚಪಡುವ ವಿಷಯ. ಹೌದು, ಪೂರ್ತಿ ಬಟ್ಟೆ ತೆಗೆಯಬೇಕು. ಈಜುಡುಗೆ, ಲುಂಗಿ, ಟವೆಲು ಯಾವುದನ್ನೂ ಸುತ್ತಿಕೊಂಡು ನೀರಿಗೆ ಇಳಿಯುವ ಹಾಗಿಲ್ಲ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕಡೆ. ಬಾಗಿಲಲ್ಲಿ ತೂಗುವ ಬಟ್ಟೆಯ ಪರದೆ ನೋಡಿಕೊಂಡು ಹೋಗಿ.

ನಮ್ಮ ಅತ್ತೆ ಮೊದಲು ಬರುವುದೇ ಇಲ್ಲ ಅಂದಿದ್ದರು. ಸಂಜೆಯೆಲ್ಲ ಹೊಳೆ ದಡದ ಕಾಲುತೊಟ್ಟಿಯಲ್ಲಿ ಪಾದ ಇಳಿಬಿಟ್ಟು ಕೂತಿದ್ದರು. ಮಾರನೇ ಬೆಳಿಗ್ಗೆ ಏಳಕ್ಕೆ, ಜನ ಕಡಿಮೆ ಅಂತ ಹೇಳಿ, ಗೋಶೊನೊ-ಯುಗೆ ಕರೆದುಕೊಂಡು ಹೋದೆ. ಒಳಗೆ ನಾಲ್ಕೈದು ಜನ ಇದ್ದಿರಬಹುದು. ಅತ್ತೆಗಿಂತ ವಯಸ್ಸಾದ ಒಬ್ಬ ಅಜ್ಜಿ ಪಕ್ಕದ ಸಣ್ಣ ಸ್ಟೂಲಿಗೆ ಬಿಸಿನೀರು ಸುರಿದು ತೊಳೆದು, ಕೈಯಲ್ಲಿ ತಟ್ಟಿ, ಕೂತ್ಕೋ ಅನ್ನುವ ಹಾಗೆ ಸನ್ನೆ ಮಾಡಿದರು. ಅತ್ತೆ ಕೂತರು. ಇಬ್ಬರಿಗೂ ಭಾಷೆ ಬರುವುದಿಲ್ಲ. ಅಜ್ಜಿ ತಲೆ ಮೇಲೆ ಟವೆಲು ಮಡಿಸಿ ಇಟ್ಟುಕೊಂಡಿದ್ದನ್ನು ನೋಡಿ ಇವರೂ ಇಟ್ಟುಕೊಂಡರು. ಆಮೇಲೆ ಬಯಲಿನ ತೊಟ್ಟಿಯಲ್ಲಿ, ಹಿಂದಿನ ಗುಡ್ಡ ನೋಡುತ್ತಾ, ನಾನು ಏಳೋಣ ಅಂದರೂ ಏಳಲಿಲ್ಲ.

ಕ್ರಮ ಇಷ್ಟೇ. ಬಟ್ಟೆ ಲಾಕರಿನಲ್ಲಿ, ಫೋನೂ ಅಲ್ಲೇ. ಕೈಯಲ್ಲಿ ಸಣ್ಣ ಟವೆಲು ಮಾತ್ರ. ಒಳಗೆ ನಲ್ಲಿಗಳ ಸಾಲಿನ ಮುಂದೆ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಳ್ಳಬೇಕು. ನಿಂತು ಸ್ನಾನ ಮಾಡಿದರೆ ಪಕ್ಕದವರಿಗೆ ಸಿಡಿಯುತ್ತದೆ. ಸೋಪಿನ ನೊರೆ ಒಂದು ಚೂರೂ ಉಳಿಯದ ಮೇಲೆ ತೊಟ್ಟಿಗೆ ಇಳಿಯಿರಿ. ತೊಟ್ಟಿ ಕೊಳೆ ತೊಳೆಯಲು ಅಲ್ಲ, ಸುಮ್ನೆ ಕೂರಲು. ಟವೆಲು ನೀರಿಗೆ ತಾಗಬಾರದು.

ನಮ್ಮವರಿಗೆ ಅಂತಲೇ ಕೆಲವು ಮಾತು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗಬೇಡಿ. ಹಚ್ಚಿದ್ದರೆ ಮೊದಲು ಶಾಂಪೂ ಹಾಕಿ ತೊಳೆಯಿರಿ. ಎಣ್ಣೆ ನೀರಿನ ಮೇಲೆ ತೇಲಿದರೆ ಎಲ್ಲರಿಗೂ ಕಿರಿಕಿರಿ. ಉದ್ದ ಕೂದಲನ್ನು ಎತ್ತಿ ಕಟ್ಟಬೇಕು. ಸ್ಟಿಕ್ಕರ್ ಬೊಟ್ಟು ಲಾಕರಿನ ಹತ್ತಿರವೇ ತೆಗೆದಿಡಿ. ತಾಳಿ ಕೊರಳಲ್ಲೇ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ಜಪಾನಿನ ಬಹಳ ಆನ್‌ಸೆನ್‌ಗಳಲ್ಲಿ ಹಚ್ಚೆ ಇದ್ದವರನ್ನು ಒಳಗೆ ಬಿಡುವುದಿಲ್ಲ. ಕಿನೊಸಾಕಿಯ ಸಾರ್ವಜನಿಕ ಮನೆಗಳಲ್ಲಿ ಆ ತಕರಾರು ಇಲ್ಲ, ಹಾಗಾಗಿ ಮದುವೆಯ ಮೆಹಂದಿ ಇನ್ನೂ ಕೈಯಲ್ಲಿದ್ದರೂ ಹೆದರಬೇಡಿ. ಮುಟ್ಟಿನ ದಿನಗಳಲ್ಲಿ ಮಾತ್ರ ತೊಟ್ಟಿಗೆ ಇಳಿಯುವುದು ಬೇಡ.

ನೀರು ಸ್ವಲ್ಪ ಉಪ್ಪು, ವಾಸನೆ ಇಲ್ಲ. ತೊಟ್ಟಿಯಲ್ಲಿ ಸುಮಾರು 42 ಡಿಗ್ರಿ. ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಏಳೂ ಮನೆ ಮುಗಿಸಲೇಬೇಕು ಅಂತ ಹಟ ಹಿಡಿದವರು ತಲೆ ತಿರುಗಿ ಕೂರುವುದನ್ನು ನೋಡಿದ್ದೇನೆ. ಸಂಜೆ ಎರಡು, ಬೆಳಿಗ್ಗೆ ಒಂದು ಸಾಕು. ನಡುನಡುವೆ ನೀರು ಕುಡಿಯಿರಿ. ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಬರಲಿ.

ಯಾವುದಕ್ಕೆ ಹೋಗಬೇಕು? ಇಚಿನೊ-ಯುದಲ್ಲಿ ಗುಹೆಯೊಳಗಿನ ತೊಟ್ಟಿ ಇದೆ, ಮಕ್ಕಳಿಗೆ ಇಷ್ಟವಾಗುತ್ತದೆ. ಯಾನಾಗಿ-ಯು ಪುಟ್ಟದು, ಮರದ್ದು. ಜಿಝೋ-ಯುದ ಆರು ಮೂಲೆಯ ಕಿಟಕಿಗಳನ್ನು ರಾತ್ರಿ ಹೊರಗಿನಿಂದ ನೋಡಿ. ನನಗೆ ಎಲ್ಲಕ್ಕಿಂತ ಇಷ್ಟ ಊರಿನ ಒಳತುದಿಯ ಕೋನೊ-ಯು. ಸ್ಟೇಷನ್‌ನಿಂದ ದೂರ, ಆದ್ದರಿಂದ ಜನ ಕಡಿಮೆ. ತೋಟದ ನಡುವೆ ಬಯಲು ತೊಟ್ಟಿ, ಮೇಲೆ ಮರಗಳು. ಬೆಳಿಗ್ಗೆ ಬಾಗಿಲು ತೆರೆದಾಗ ಮೊದಲು ಒಳಗೆ ಹೋದವರಿಗೆ ನೆನಪಿಗೆ ಒಂದು ಮರದ ಬಿಲ್ಲೆ ಕೊಡುತ್ತಾರೆ. ಅದಕ್ಕಾಗಿಯೇ ಕಾಯುವವರಿರುತ್ತಾರೆ.

ಊಟ

ಏಡಿ ತಿನ್ನುವವರಿಗೆ ಇದು ಸ್ವರ್ಗ. ಹತ್ತಿರದ ತ್ಸುಇಯಾಮಾ ಬಂದರಿನ ಏಡಿಗೆ ನೀಲಿ ಬಿಲ್ಲೆ ಕಟ್ಟಿರುತ್ತಾರೆ.

ಸಸ್ಯಾಹಾರಿಗಳು ರೂಮು ಕಾದಿರಿಸುವಾಗಲೇ ಮಾತಾಡಬೇಕು. ತೊಂದರೆ ಕಣ್ಣಿಗೆ ಕಾಣುವ ಮೀನಿನದಲ್ಲ, ದಾಶಿಯದು. ಒಣಗಿಸಿದ ಕತ್ಸುಒ ಮೀನಿನಿಂದ ತೆಗೆದ ಈ ಸಾರು ಮಿಸೋ ಸೂಪಿನಲ್ಲೂ, ಬೇಯಿಸಿದ ಕುಂಬಳದಲ್ಲೂ, ನೂಡಲ್ಸ್ ಸಾರಿನಲ್ಲೂ ಇರುತ್ತದೆ. ‘ವೆಜಿಟೇರಿಯನ್’ ಅಂದರೆ ಮೀನಿನ ತುಂಡು ತೆಗೆದು ಅದೇ ಸಾರು ಬಡಿಸುವುದುಂಟು. ‘ನಿಕು, ಸಕಾನಾ, ಕತ್ಸುಒ ದಾಶಿ ನಾಶಿ. ಕೊಂಬು ದಾಶಿ ದೈಜೋಬು’ ಅಂತ ಬರೆದು ಕಳಿಸಿ. ಮಾಂಸ, ಮೀನು, ಮೀನಿನ ಸಾರು ಬೇಡ, ಕಡಲ ಪಾಚಿಯ ಸಾರು ನಡೆಯುತ್ತದೆ ಅಂತ. ಒಪ್ಪಿದರೆ ಊಟ ಸೇರಿಸಿ. ಹಿಂದೆಮುಂದೆ ನೋಡಿದರೆ ಊಟವಿಲ್ಲದ ರೂಮು ಹಿಡಿದು, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತನ್ನಿ. ರೂಮಿನಲ್ಲಿ ಬಿಸಿನೀರಿನ ಕೆಟಲ್ ಇದ್ದೇ ಇರುತ್ತದೆ. ಅಂಗಡಿಗಳು ಸಂಜೆ ಬೇಗ ಮುಚ್ಚುತ್ತವೆ, ರಾತ್ರಿ ಎಂಟಕ್ಕೆ ಹುಡುಕಿದರೆ ಸಿಗುವುದು ಕಷ್ಟ. ಮೊಟ್ಟೆ ತಿನ್ನುವವರು ಕೋನೊ-ಯು ಆಚೆ, ರೋಪ್‌ವೇ ಹತ್ತಿರದ ಬುಗ್ಗೆಯಲ್ಲಿ ತಾವೇ ಮೊಟ್ಟೆ ಇಳಿಬಿಟ್ಟು ಬೇಯಿಸಿಕೊಳ್ಳಬಹುದು.

ಮಾರನೇ ದಿನ

ಬೆಳಿಗ್ಗೆ ರೋಪ್‌ವೇ ಹತ್ತಿ, ನಡುವಿನ ನಿಲ್ದಾಣದಲ್ಲಿ ಇಳಿದು ಆನ್‌ಸೆನ್‌ಜಿ ದೇವಾಲಯಕ್ಕೆ ಹೋಗಿ. 738ರಲ್ಲಿ ದೋಚಿ ಸ್ಥಾಪಿಸಿದ್ದು. ಹಿಂದೆ ಬಂದವರು ಮೊದಲು ಇಲ್ಲಿ ಕೈಮುಗಿದು, ಸ್ನಾನದ ಕ್ರಮ ಕೇಳಿ, ಒಂದು ಸೌಟು ಪಡೆದು ಆಮೇಲೆ ನೀರಿಗೆ ಇಳಿಯುತ್ತಿದ್ದರು. ಇಲ್ಲಿನ ಹನ್ನೊಂದು ಮುಖದ ಕನ್ನೊನ್ (ಕರುಣೆಯ ಬೋಧಿಸತ್ವ) ಮೂರ್ತಿ 33 ವರ್ಷಕ್ಕೊಮ್ಮೆ ಮಾತ್ರ ದರ್ಶನಕ್ಕೆ ಸಿಗುತ್ತದೆ, ಆಗ ಮೂರು ವರ್ಷ ತೆರೆದಿರುತ್ತದೆ.

ಸಾಹಿತ್ಯದ ಹುಚ್ಚಿರುವವರಿಗೆ ಊರಿನಲ್ಲೇ ಒಂದು ಸಾಹಿತ್ಯ ಸಂಗ್ರಹಾಲಯ ಇದೆ. 1913ರಲ್ಲಿ ಟೋಕಿಯೋದಲ್ಲಿ ರೈಲು ತಾಗಿ ಗಾಯಗೊಂಡ ಲೇಖಕ ಶಿಗಾ ನಾಓಯಾ ಚೇತರಿಸಿಕೊಳ್ಳಲು ಇಲ್ಲಿಗೆ ಬಂದಿದ್ದರು. ಆ ವಾಸದಿಂದ ಹುಟ್ಟಿದ ಅವರ ಬರಹವೇ ಊರಿನ ಹೆಸರನ್ನು ಜಪಾನಿನ ಓದುಗರಿಗೆಲ್ಲ ಮುಟ್ಟಿಸಿತು. ಈ ಊರಿನಲ್ಲಿ ಮಾತ್ರ ಮಾರುವ ಪುಸ್ತಕಗಳೂ ಇವೆ. ಒಂದರ ಹೊದಿಕೆ ಟವೆಲಿನದು, ಪುಟಗಳು ನೀರಿಗೆ ನೆನೆಯದ ಕಾಗದ. ಸ್ನಾನದ ತೊಟ್ಟಿಯಲ್ಲಿ ಕೂತು ಓದಲಿ ಅಂತ! ಬಣ್ಣ ಹಾಕಿದ ಒಣಹುಲ್ಲಿನ ಕಡ್ಡಿ ಸೀಳಿ ಅಂಟಿಸಿ ಮಾಡುವ ಪೆಟ್ಟಿಗೆಗಳೂ ಇಲ್ಲಿನ ಹಳೆಯ ಕಸುಬು. ಉಡುಗೊರೆಗೆ ಕೀಚೈನಿಗಿಂತ ಅದನ್ನೇ ಕೊಳ್ಳಿ.

ಅರ್ಧ ದಿನ ಇದ್ದರೆ ಗೆಂಬುದೋಗೆ ಹೋಗಲೇಬೇಕು. ಮಾರುಯಾಮಾ ನದಿಯ ಆಚೆ ದಡ. ಸುಮಾರು 16 ಲಕ್ಷ ವರ್ಷದ ಹಿಂದಿನ ಲಾವಾ ತಣ್ಣಗಾಗುತ್ತಾ ಕುಗ್ಗಿ, ಆರು ಮೂಲೆಯ ಕಂಬಗಳಾಗಿ ಸೀಳಿದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಇಲ್ಲಿಯದು ಬಾಗಿ ತಿರುಗಿ ಗೋಡೆಯಾಗಿ ನಿಂತಿದೆ. 1926ರಲ್ಲಿ ಮತ್ಸುಯಾಮಾ ಮೊತೊನೊರಿ ಅನ್ನುವ ವಿಜ್ಞಾನಿ ಈ ಕಲ್ಲುಗಳ ಕಾಂತತ್ವ ಈಗಿನ ಭೂಮಿಯ ದಿಕ್ಕಿಗೆ ತದ್ವಿರುದ್ಧವಾಗಿರುವುದನ್ನು ಕಂಡರು. ಭೂಮಿಯ ಉತ್ತರ ದಕ್ಷಿಣ ಕಾಂತಧ್ರುವಗಳು ಅದಲುಬದಲಾಗಿದ್ದ ಆ ಯುಗಕ್ಕೆ ಅವರ ಹೆಸರೇ ಇದೆ. ದಾರಿಯಲ್ಲಿ ಗದ್ದೆಗಳ ಕಡೆ ಕಣ್ಣಿಡಿ. ಜಪಾನಿನ ಕಾಡುಕೊಕ್ಕರೆ 1971ರಲ್ಲಿ ಅಳಿದುಹೋಗಿತ್ತು. ಸಾಕಿ ಬೆಳೆಸಿದ ಹಕ್ಕಿಗಳನ್ನು 2005ರಿಂದ ಈ ತೊಯೊಓಕಾ ಸೀಮೆಯಲ್ಲೇ ಬಿಟ್ಟರು, ಅವುಗಳ ಆಹಾರ ಉಳಿಯಲಿ ಅಂತ ರೈತರು ಕೀಟನಾಶಕ ತಗ್ಗಿಸಿದರು. ಆ ಗದ್ದೆಗಳ ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ.

ರೂಮು ಬಿಟ್ಟ ಮೇಲೂ ಆ ದಿನ ಸ್ನಾನದ ಪಾಸು ಕೆಲವು ಗಂಟೆ ನಡೆಯುತ್ತದೆ, ಎಷ್ಟು ಗಂಟೆಯವರೆಗೆ ಅಂತ ಹೊರಡುವಾಗ ಕೇಳಿ. ಗೆತಾ, ಯುಕಾತಾ ವಾಪಸ್ ಕೊಟ್ಟಿರುತ್ತೀರಿ, ಟವೆಲು ಮಾತ್ರ ಚೀಲದ ಮೇಲೆಯೇ ಇರಲಿ. ಏಡಿಯ ಕಾಲದ ಭಾನುವಾರ ಮಧ್ಯಾಹ್ನ ಒಸಾಕಾ ಕಡೆ ಹೋಗುವ ರೈಲು ತುಂಬಿರುತ್ತದೆ. ವಾಪಸಿನ ಸೀಟನ್ನು ಹೋಗುವ ಟಿಕೆಟಿನ ಜೊತೆಗೇ ಕಾದಿರಿಸಿ.