ಹೊಸ ಲೋಕಕ್ಕೆ ದೇವರು ಬೇಕೇ? ಮೊದಲು ಬುಟ್ಟಿ ಹೊರುವವರನ್ನು ಹುಡುಕಿ

ಕಾದಂಬರಿಗೆಂದು ಕಲ್ಪನಾಲೋಕ ಕಟ್ಟುತ್ತಿರುವ ಗೆಳೆಯರೇ, ಸಿಡಿಲಿಗೊಬ್ಬ, ಸಾವಿಗೊಬ್ಬಳು ಎಂದು ದೇವರುಗಳಿಗೆ ಖಾತೆ ಹಂಚುತ್ತಾ ಕೂರಬೇಡಿ. ಅದು ಸಚಿವ ಸಂಪುಟವಾಗುತ್ತದೆ, ಧರ್ಮವಾಗುವುದಿಲ್ಲ. ನಾನು ಹಾಗೆ ಹನ್ನೆರಡು ದೇವರನ್ನು ಸೃಷ್ಟಿಸಿ, ಒಬ್ಬರಿಗೂ ಕೆಲಸ ಕೊಡಲಾಗದೆ ಕೈಬಿಟ್ಟಿದ್ದೇನೆ.

ನಮ್ಮ ಹಾವೇರಿ, ಗದಗ ಕಡೆಯ ಜಾನಪದ ದೇವರು ಜೋಕುಮಾರನನ್ನು ನೋಡಿ. ಗಣೇಶ ಚೌತಿಯ ಬೆನ್ನಿಗೇ ಮಣ್ಣಿನಲ್ಲಿ ಹುಟ್ಟಿ, ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಹೆಣ್ಣುಮಕ್ಕಳ ತಲೆಯೇರಿ ಮನೆಮನೆ ತಿರುಗುತ್ತಾನೆ. ಬಾಯಿಗೆ ಬೆಣ್ಣೆ, ಮೊರದಲ್ಲಿ ಜೋಳ, ಹುಣ್ಣಿಮೆಯ ಹೊತ್ತಿಗೆ ಸಾವು. ಇಷ್ಟು ಅಲ್ಪಾಯುಷಿಯ ಮೇಲೆ ಮಳೆ ಬೆಳೆಯ ಭಾರ! ನಿಮ್ಮ ದೇವರಿಗೂ ಇದನ್ನೇ ಕೇಳಿ: ಯಾರು ಹೊರುತ್ತಾರೆ, ಯಾರು ಕಾಳು ಕೊಡುತ್ತಾರೆ, ಬದಲಿಗೆ ಏನು ಸಿಗುತ್ತದೆ? ಉತ್ತರ ಬರೆಯುವಷ್ಟರಲ್ಲಿ ಊರಿನ ಕಸುಬು, ಕೇರಿ, ಹಂಗಾಮು ತಾವಾಗಿ ಮೂಡುತ್ತವೆ.

ಭವಿಷ್ಯವಾಣಿ ಬೇಕಿದ್ದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋಗಿ ಬನ್ನಿ. ಅಲ್ಲಿ ದೇವರ ಸೇವೆಗೆ ನಿಂತ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ, ಅಂದರೆ ದೈವವಾಣಿ, ನುಡಿಯುತ್ತಾನೆ. ರೈತ ಅದರಲ್ಲಿ ಮಳೆ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ನಿಮ್ಮ ಸಾಲಿಗೂ ಎರಡು ಅರ್ಥವಿರಲಿ, ಅರ್ಥ ಹೇಳುವವರು ಜಗಳವಾಡಲಿ. ಹೆಸರು ಮಾತ್ರ ಬದಲಿಸಿ ನಿಜವಾದ ದೇವರನ್ನೇ ಎತ್ತಿಕೊಳ್ಳಬೇಡಿ. ಓದುಗರು ಎರಡನೇ ಪುಟದಲ್ಲೇ ಗುರುತು ಹಿಡಿಯುತ್ತಾರೆ.