ಕೊತ್ತಂಬರಿ ತೋಟಕ್ಕೆ ನಾನೇ ಬರೆದ ಸೇಫ್ಟಿ ಪ್ಲಾನ್

ಮಾಲೂರು ಹತ್ತಿರ ನಮ್ಮದು ಎರಡೂವರೆ ಎಕರೆ. ಕೊತ್ತಂಬರಿ, ಪುದೀನ, ಪಾಲಕ್. ಫುಡ್ ಸೇಫ್ಟಿ ಪ್ಲಾನ್ ಇಲ್ಲದೆ ಮಾಲು ತಗೊಳ್ಳಲ್ಲ ಅಂತ ಬೆಂಗಳೂರಿನ ಖರೀದಿದಾರರು ಅಂದರು. "ರೈತರಿಗೆ ಎಫ್‌ಎಸ್‌ಎಸ್‌ಎಐ ಕಾಯ್ದೆನೇ (ಆಹಾರ ಸುರಕ್ಷತೆಯ ಕೇಂದ್ರ ಕಾಯ್ದೆ) ಬರಲ್ಲ, ಸೊಪ್ಪಿಗೆ ಎಂಥಾ ಪ್ಲಾನು" ಅಂದರು ನಮ್ಮ ಭಾವ. ಕಾಯ್ದೆ ಮಟ್ಟಿಗೆ ಅವರ ಮಾತು ಸರಿ. ಆದರೆ ಕೊಳ್ಳುವವರೇ ಕೇಳಿದ ಮೇಲೆ?

ಮೊದಲು ಒಬ್ಬ ಕನ್ಸಲ್ಟೆಂಟ್‌ಗೆ 30 ಸಾವಿರ ಕೊಟ್ಟೆ. ಎಂಬತ್ತು ಪುಟದ ಇಂಗ್ಲಿಷ್ ಫೈಲ್ ಬಂತು. ಅದರಲ್ಲಿ ಕೋಲ್ಡ್ ರೂಮಿಗೂ ರಿಜಿಸ್ಟರ್ ಇತ್ತು, ನಮ್ಮಲ್ಲಿ ಕೋಲ್ಡ್ ರೂಮೇ ಇಲ್ಲ. ತೋಟ ಪರೀಕ್ಷೆಗೆ ಬಂದ ಆಡಿಟ್‌ನವರು ಫೈಲ್ ಪಕ್ಕಕ್ಕಿಟ್ಟು, ಸೊಪ್ಪು ಕೀಳೋ ಹೆಂಗಸರನ್ನ ಕೇಳಿದರು: "ಕೈ ಎಲ್ಲಿ ತೊಳೀತೀರಮ್ಮ?" ಸೊಪ್ಪು ಅದ್ದುವ ತೊಟ್ಟಿಯನ್ನೇ ತೋರಿಸಿದರು. ಅಲ್ಲಿಗೆ ಮುಗೀತು.

ಆಮೇಲೆ ಬೋರಿನಿಂದ ಟೆಂಪೋವರೆಗೆ ನಾನೇ ನಡೆದು, ಕೊಳೆ ಸೇರುವ ಜಾಗಗಳನ್ನು ಕನ್ನಡದಲ್ಲೇ ಬರೆದೆ. ಒಂಬತ್ತು ಹಾಳೆ ಅಷ್ಟೇ. ಮೊದಲ ಹಾಳೆ ನೀರಿನದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರ್ತಿದೆಯಲ್ಲ, ಹಾಗಾಗಿ ಎಲ್ಲರೂ ಮೊದಲು ಕೇಳೋದು ಕೆ.ಸಿ. ವ್ಯಾಲಿ ಅನ್ನೋ ಆ ಯೋಜನೆ ಬಗ್ಗೆ. ನಮ್ಮ ಬೋರ್ ಸ್ಯಾಂಪಲ್ ಶುದ್ಧವಾಗಿ ಬಂತು. ಅದೇ ನೀರು ತೆರೆದ ತೊಟ್ಟಿಯಲ್ಲಿ ನಿಂತ ಮೇಲೆ ಇ. ಕೋಲಿ, ಅಂದರೆ ಮಲದಿಂದ ಬರೋ ಬ್ಯಾಕ್ಟೀರಿಯಾ! ಪಾರಿವಾಳದ ಹಿಕ್ಕೆ. ಮುಚ್ಚಿಗೆ ಹಾಕಿಸಲು ಆರೇಳು ಸಾವಿರ ಆಯ್ತು. ಒಂದೊಂದು ಟೆಸ್ಟಿಗೆ ಸುಮಾರು 1,500, ಒಟ್ಟು ಆರು ಸಲ ಮಾಡಿಸಿದೆ.

ತೊಳೆಯೋದರಲ್ಲೇ ಜಾಸ್ತಿ ಸೋತೆ. ಬ್ಲೀಚಿಂಗ್ ಪೌಡರ್ ಹಾಕಿ ನೀರಿನ ಕ್ಲೋರಿನ್ 100 ಪಿಪಿಎಂಗೆ (ಲೀಟರಿಗೆ 100 ಮಿಲಿಗ್ರಾಂ) ತರುತ್ತಿದ್ದೆ. ನಲವತ್ತು ಕಟ್ಟು ಅದ್ದುವಷ್ಟರಲ್ಲಿ ನೀರು ಟೀ ಬಣ್ಣಕ್ಕೆ ತಿರುಗಿ, ಕ್ಲೋರಿನ್ ಅಳೆಯೋ ಕಾಗದದ ಸ್ಟ್ರಿಪ್ ಬಿಳಿಯಾಗೇ ಉಳಿಯುತ್ತಿತ್ತು. ಕ್ಲೋರಿನ್ ಎಲ್ಲಾ ಮಣ್ಣು ತಿಂದಿರುತ್ತಿತ್ತು. ಈಗ ಮೊದಲು ಹರಿಯುವ ನೀರಿನಲ್ಲಿ ಬೇರಿನ ಮಣ್ಣು ಬಿಡಿಸಿ, ಆಮೇಲೆ ಕ್ಲೋರಿನ್ ತೊಟ್ಟಿ. ನಡುವೆ ವಿನೆಗರ್ ಕೂಡ ನೋಡಿದೆ. ಸಂಜೆಗೆ ಎಲೆ ತುದಿ ಕಪ್ಪಾಯ್ತು, ಬಿಟ್ಟೆ.

ಹಸಿ ಕೋಳಿ ಗೊಬ್ಬರ ನಿಲ್ಲಿಸಿದೆ. ಅದನ್ನ ಹಾಕಿದ ಮೇಲೆ ಕೊಯ್ಲಿಗೆ 120 ದಿನದ ಅಂತರ ಕೇಳ್ತಾರೆ, ಕೊತ್ತಂಬರಿಯೋ ನಲವತ್ತು ದಿನದ ಬೆಳೆ. ಈಗ ರಾಶಿ ಹಾಕಿ, ಒಳಗೆ 55 ಡಿಗ್ರಿ ಕಾವು ಹದಿನೈದು ದಿನ ನಿಲ್ಲಿಸಿ, ಐದು ಸಲ ತಿರುವಿ ಹಾಕ್ತೀನಿ.

ಕೈ ತೊಳೆಯೋ ನಲ್ಲಿ, ಶೌಚಾಲಯ ಸೇರಿ ಒಟ್ಟು 70 ಸಾವಿರದ ಹತ್ತಿರ ಖರ್ಚು. ಮೂರನೇ ಆಡಿಟ್‌ನಲ್ಲಿ ಪಾಸಾದೆ. ನಮ್ಮ ಸುತ್ತಮುತ್ತ ಕನ್ಸಲ್ಟೆಂಟ್ ಇಲ್ಲದೆ ಪಾಸಾದವನು ನಾನೊಬ್ಬನೇ ಇರಬೇಕು. ಕಟ್ಟಿಗೆ ಎರಡು ರೂಪಾಯಿ ಜಾಸ್ತಿ ಸಿಗ್ತಿದೆ. ಹೆಂಗಸರು ದಿನಾ ತಪ್ಪದೆ ರಿಜಿಸ್ಟರ್ ತುಂಬೋ ಹಾಗೆ ಮಾಡಿದ್ದು ಹೇಗೆ ಅನ್ನೋದು ಸದ್ಯ ನನ್ನ ಹತ್ರವೇ ಇರಲಿ.

ಮಳೆಗಾಲದಲ್ಲಿ ಕೆಸರು ಜಾಸ್ತಿ. ಅರ್ಧ ಗಂಟೆಗೊಮ್ಮೆ ಸ್ಟ್ರಿಪ್ ನೋಡಿದರೆ ಸಾಕಾಗಲ್ಲ. ನಾಲ್ಕನೇ ಹಾಳೆಯಲ್ಲಿ ಹದಿನೈದು ನಿಮಿಷ ಅಂತ ತಿದ್ದಿದ್ದೀನಿ.