ಹಳೇ ಆಬ್ಜೆಕ್ಟಿವ್-ಸಿ ಕೋಡಲ್ಲಿ ಐವಾರ್, ಪ್ರಾಪರ್ಟಿ ಬಿಡಿಸಿದ ನನ್ನ ಅನುಭವ

ಆಬ್ಜೆಕ್ಟಿವ್-ಸಿ ಅಂದರೆ ಐಫೋನ್ ಆ್ಯಪ್ ಬರೆಯುವ ಹಳೇ ಭಾಷೆ. ಅದರಲ್ಲಿ ಐವಾರ್ ಅಂದರೆ ಆಬ್ಜೆಕ್ಟ್ ತನ್ನ ಬೆಲೆ ಇಟ್ಟುಕೊಳ್ಳುವ ವೇರಿಯಬಲ್, ಪ್ರಾಪರ್ಟಿ ಅಂದರೆ ಅದನ್ನು ಓದಲು, ಬರೆಯಲು ಇರುವ ಬಾಗಿಲು. ಬಾಗಿಲು ಬಿಟ್ಟು ನೇರವಾಗಿ ಐವಾರ್ ಮುಟ್ಟಿದ ಸಾಲುಗಳನ್ನು ಬಿಲ್ಡ್ (ಕೋಡನ್ನು ಆ್ಯಪ್ ಮಾಡುವ ಹಂತ) ಒಡೆದೇ ಹುಡುಕುತ್ತೇನೆ ಅಂದಾಗ ಜೊತೆಯವರು ನಕ್ಕಿದ್ದರು. ಕೊನೆಗೆ ಕೈ ಹಿಡಿದದ್ದು ಅದೇ.

ಕೈಗೆ ಬಂದದ್ದು ಆರ್ಕ್‌ಗಿಂತ (ಮೆಮೊರಿ ತಾನೇ ನೋಡಿಕೊಳ್ಳುವ ವ್ಯವಸ್ಥೆ) ಮುಂಚಿನ, ಅಂದರೆ 2011ಕ್ಕೂ ಹಿಂದಿನ ಐಫೋನ್ ಆ್ಯಪ್. ಹೆಚ್ಚುಕಮ್ಮಿ 40 ಸಾವಿರ ಸಾಲು. ಬ್ರೇಸ್ ಒಳಗೆ ಐವಾರ್, ಕೆಳಗೆ ಅದೇ ಹೆಸರಿನ ಪ್ರಾಪರ್ಟಿ, ಆಮೇಲೆ ಬರೀ ಸಿಂಥಸೈಜ್, ಅಂದರೆ ಪ್ರಾಪರ್ಟಿಯನ್ನು ಐವಾರ್‌ಗೆ ಕಟ್ಟುವ ಸಾಲು. ಐವಾರ್ ಹೆಸರಿನ ಮುಂದೆ ಅಂಡರ್‌ಸ್ಕೋರ್ ಎಲ್ಲೂ ಇಲ್ಲ. ಒಬ್ಬರು ಹೆಸರಿನ ಮುಂದೆ ಸೆಲ್ಫ್ ಡಾಟ್ ಹಾಕಿ ಪ್ರಾಪರ್ಟಿ ಮೂಲಕ ಹೋಗಿದ್ದಾರೆ, ಇನ್ನೊಬ್ಬರು ಹಾಕದೆ ನೇರ ಐವಾರ್ ಮುಟ್ಟಿದ್ದಾರೆ. ಹಾಕದ ಕಡೆ ರಿಟೇನ್ ಆಗಲ್ಲ (ಮೆಮೊರಿಯಲ್ಲಿ ಹಿಡಿದಿಡಲ್ಲ), ಆಟೋರಿಲೀಸ್ ಆದ, ಅಂದರೆ ಆಮೇಲೆ ತಾನಾಗಿ ಬಿಟ್ಟುಹೋಗುವ ಸ್ಟ್ರಿಂಗ್ ಹೋಗಿ ಆ್ಯಪ್ ಢಮಾರ್. ಕೆವಿಓಗೂ (ಬೆಲೆ ಬದಲಾದದ್ದನ್ನು ಗಮನಿಸುವ ವ್ಯವಸ್ಥೆ) ಸುದ್ದಿ ಮುಟ್ಟಲ್ಲ.

ಮೊದಲು ಗ್ರೆಪ್ (ಪದ ಹುಡುಕುವ ಟೂಲ್) ಹಿಡಿದೆ. ಲೋಕಲ್ ವೇರಿಯಬಲ್, ಪ್ಯಾರಾಮೀಟರ್, ಕಾಮೆಂಟ್ ಎಲ್ಲಾ ಒಟ್ಟಿಗೆ ಬಂತು. ಕ್ಲ್ಯಾಂಗ್ ಅನ್ನೋ ಕಂಪೈಲರ್‌ನ ಡೈರೆಕ್ಟ್ ಐವಾರ್ ಆ್ಯಕ್ಸೆಸ್ ವಾರ್ನಿಂಗ್ ಆನ್ ಮಾಡಿದೆ. ಸಾವಿರಗಟ್ಟಲೆ ಉದುರಿತು, ಪ್ರಾಪರ್ಟಿಯೇ ಇಲ್ಲದ ಐವಾರ್‌ಗಳೂ ಅದರಲ್ಲೇ. ಗಿರಾಕಿ ಜೊತೆ ಮಾತಾಗಿದ್ದು ಫಿಕ್ಸೆಡ್ ದುಡ್ಡು, 80 ಸಾವಿರದ ಆಸುಪಾಸು. ಅರ್ಧ ದುಡ್ಡಿನಷ್ಟು ಸಮಯ ಇಲ್ಲೇ ಕರಗಿತು.

ಆಮೇಲೆ ನನ್ನ ದಾರಿ. ಒಂದು ಕ್ಲಾಸ್ ತಗೊಂಡು ಪ್ರಾಪರ್ಟಿ ಇರುವ ಐವಾರ್‌ಗಳನ್ನು ಬ್ರೇಸ್‌ನಿಂದ ಅಳಿಸಿದೆ. ಸಿಂಥಸೈಜ್‌ನಲ್ಲಿ ಬಲಗಡೆ ಯಾರೂ ಇಡದ ಹೆಸರು ಕೊಟ್ಟು ಬಿಲ್ಡ್ ಒತ್ತಿದೆ. ಸೆಲ್ಫ್ ಡಾಟ್ ಇದ್ದ ಸಾಲು ತೆಪ್ಪಗಿರುತ್ತದೆ, ಬರೀ ಹೆಸರಿದ್ದ ಸಾಲೆಲ್ಲ ಎರರ್. ಲೋಕಲ್ ವೇರಿಯಬಲ್ ತಾನಾಗಿ ಹೊರಗುಳಿಯುತ್ತದೆ. ಸಬ್‌ಕ್ಲಾಸ್ ಕದ್ದು ಮುಟ್ಟುತ್ತಿದ್ದರೆ ಅದೂ ಸಿಕ್ಕಿಬೀಳುತ್ತದೆ. ಎರರ್ ಲಿಮಿಟ್ ಸೊನ್ನೆಗೆ (ಅಂದರೆ ಮಿತಿಯೇ ಇಲ್ಲ) ಇಡಿ, ಇಲ್ಲದಿದ್ದರೆ ಕ್ಲ್ಯಾಂಗ್ ಅರ್ಧಕ್ಕೇ ನಿಲ್ಲಿಸುತ್ತದೆ. ಇನಿಟ್ (ಆಬ್ಜೆಕ್ಟ್ ಹುಟ್ಟುವಾಗ), ಡೀಅಲಾಕ್ (ಅದು ಹೋಗುವಾಗ), ಆ್ಯಕ್ಸೆಸರ್ (ಪ್ರಾಪರ್ಟಿ ಓದುವ, ಬರೆಯುವ ಮೆಥಡ್) ಒಳಗೆ ಐವಾರನ್ನೇ ಉಳಿಸಿ, ಉಳಿದ ಕಡೆ ಸೆಲ್ಫ್ ಡಾಟ್. ಸೆಟರ್ (ಬರೆಯುವ ಮೆಥಡ್) ಒಳಗೇ ಸೆಲ್ಫ್ ಡಾಟ್ ಹಾಕಿ ಬರೆದರೆ ಅದು ತನ್ನನ್ನೇ ಮತ್ತೆ ಮತ್ತೆ ಕರೆದು ಆ್ಯಪ್ ಬೀಳುತ್ತದೆ! ಯಾವ ಕ್ಲಾಸ್ ಮೊದಲು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ, ಅದನ್ನು ಇಲ್ಲಿ ಬಿಡಿಸಲ್ಲ.

ಸುಮ್ನೆ ಕುತೂಹಲಕ್ಕೆ ಕ್ಲಾಸ್ ಕಾಪಿ ಐವಾರ್ ಲಿಸ್ಟ್ ಅನ್ನೋ ಫಂಕ್ಷನ್ ಕರೆದು, ಆ್ಯಪ್ ಓಡುವಾಗ ಇರುವ ಐವಾರ್‌ಗಳ ಪಟ್ಟಿ ಪ್ರಿಂಟ್ ಮಾಡಿದ್ದೆ. ಅಲ್ಲಿ ಸಿಕ್ಕಿದ್ದು ಜೋಡಿ ಐವಾರ್! ಆ್ಯಪ್ ಬರೆಯುವ ಆಪಲ್ ಟೂಲ್ ಎಕ್ಸ್‌ಕೋಡ್ 4.4 ಬಂದಮೇಲೆ, ಅಂದರೆ 2012ರ ನಂತರ, ಯಾರೋ ಸಿಂಥಸೈಜ್ ಸಾಲು ಕಿತ್ತಿದ್ದಾರೆ, ಬ್ರೇಸ್ ಒಳಗಿನದನ್ನು ಮರೆತಿದ್ದಾರೆ. ಕಂಪೈಲರ್ ತಾನೇ ಅಂಡರ್‌ಸ್ಕೋರ್‌ನದೊಂದು ಹುಟ್ಟಿಸಿದೆ. ಸೆಟರ್ ಬರೆಯೋದು ಅದಕ್ಕೆ, ಹಳೇ ಕೋಡ್ ಓದೋದು ಇನ್ನೊಂದನ್ನು. ಯಾವಾಗ ನೋಡಿದರೂ ನಿಲ್, ಅಂದರೆ ಖಾಲಿ. ಕ್ಲ್ಯಾಂಗ್ ಇದಕ್ಕೆ ವಾರ್ನಿಂಗ್ ಕೊಡುತ್ತದೆ, ಆದರೆ ಆ ರಾಶಿಯಲ್ಲಿ ಯಾರು ನೋಡ್ತಾರೆ? ಗಿರಾಕಿ ವರ್ಷಗಳಿಂದ ಬೈಯುತ್ತಿದ್ದ ಖಾಲಿ ಸ್ಕ್ರೀನ್ ಇದರದ್ದೇ. ಅದೊಂದಕ್ಕೇ ಮೇಲೆ ಹತ್ತು ಸಾವಿರದಷ್ಟು ಜಾಸ್ತಿ ಕೊಟ್ಟರು.

ಪ್ರಾಪರ್ಟಿ ಇಲ್ಲದ ಐವಾರ್ ಹೆಸರು ಮಾತ್ರ ಮುಟ್ಟಬೇಡಿ. ವ್ಯಾಲ್ಯೂ ಫಾರ್ ಕೀ (ಹೆಸರು ಕೊಟ್ಟರೆ ಬೆಲೆ ತರುವ ಮೆಥಡ್) ಅದನ್ನು ಸ್ಟ್ರಿಂಗ್ ಹಿಡಿದು ನೇರವಾಗಿ ಓದುತ್ತಿರಬಹುದು. ಅಲ್ಲಿ ಬಿಲ್ಡ್ ಒಡೆಯಲ್ಲ, ಬಳಸುವವರ ಫೋನಲ್ಲಿ ಆ್ಯಪ್ ಬೀಳುತ್ತದೆ.